ಸುಂಕಮ್ಮನ ಸಂಬಳ

ಕೊರಳಿಗೆ ನೇತುಬಿದ್ದ ಗುರುತುಚೀಟಿಯಲ್ಲಿ
ನನ್ನ ಹೆಸರು ಸಣ್ಣದು, ಕೆಳಗೆ ದಪ್ಪಕ್ಷರದಲ್ಲಿ
ಅಕ್ರೆಡಿಟೇಶನ್ ಮ್ಯಾನೇಜರ್.
ಹಂಗಂದ್ರೇನಂತ ಅವ್ವ ಕೇಳಿದಾಗ
ಹೆಣ್ಣು ಕೊಡೋ ಮುಂಚೆ ಮನೆ ನೋಡಲು ಬರುವವರಿಗೆ
ಮನೆ ತೋರಿಸುವ ಕೆಲಸ ಅಂದೆ.
‘ಅಟ್ಟದ ಮ್ಯಾಲಿಂದೂ ನೋಡ್ತಾರೇನು?’
ಅಟ್ಟದ ಮೇಲಿಂದೇ ಮೊದಲು, ಅವ್ವಾ.

ಕೌಲ್‌ಬಜಾರಿನ ಗೇಟಿನಾಚೆ ನೂರಾ ಹನ್ನೆರಡು ಹಾಸಿಗೆ.
ಎರಡು ವರ್ಷ
ಪಂಪಣ್ಣನಿಗೆ ಕೈ ತೊಳೆಯುವುದ ಕಲಿಸಿದೆ
(ಹೆಬ್ಬೆರಳು ಮರೆಯುತ್ತಾನೆ, ಈಗಲೂ).
ಹಳದಿ ಡಬ್ಬಿಗೆ ಹೋಗಬೇಕಾದ್ದು ಕೆಂಪಿಗೆ ಬಿದ್ದರೆ
ನನಗಿಂತ ಮೊದಲು ಶಂಶಾದ್‌ಬಿ ಬೈಯುವಂತಾದಳು.
ಒಂದೇ ಥರ ಕಾಣುವ ಎರಡು ಔಷಧಿಗಳನ್ನು
ಜಗಳವಾಡಿದ ಓರಗಿತ್ತಿಯರಂತೆ ಬೇರೆ ಬೇರೆ ಕಪಾಟಿನಲ್ಲಿಟ್ಟೆ.
ಲಸಿಕೆಯ ಫ್ರಿಜ್ಜು ದಿನಕ್ಕೆರಡು ಸಲ:
ಹೊರಗೆ ನಲವತ್ತೆರಡು, ಒಳಗೆ ನಾಲ್ಕು.
ಎಲ್ಲರಿಗೂ ಒಂದೇ ಮಂತ್ರ:
ಬರೆಯದಿದ್ದರೆ, ಮಾಡಿಲ್ಲವೆಂದೇ ಲೆಕ್ಕ.

ತಪಾಸಕರು ಮೂವರು ಬಂದರು, ಮೂರು ದಿನ.
ಒಬ್ಬರು ಲಿಫ್ಟಿನ ಹಿಂದಿನ ಗೋಡೆಗೆ ಬೆರಳೊರೆಸಿ
ನೋಡಿಕೊಂಡರು, ಕೆಂಪು.
‘ಅದು ಆಸ್ಪತ್ರೆದಲ್ಲ ಸಾರ್, ಊರಿಂದು.’
ನಕ್ಕರು. ಬರೆದುಕೊಂಡರು.

ಪ್ರಮಾಣಪತ್ರ ಬಂತು. ಚೌಕಟ್ಟಿಗೇ ಎರಡು ಸಾವಿರದ ಎಂಟುನೂರು.
ವಿಮೆಯವರ ದರಪಟ್ಟಿ ಬದಲಾಯಿತು:
ಅದೇ ಹಾಸಿಗೆ, ಅದೇ ಕಿಟಕಿ, ಅದೇ ಗುಡ್ಡ ಕಾಣುತ್ತದೆ,
ಬೆಲೆ ಮಾತ್ರ ಹೆಚ್ಚು.
ನನ್ನದು ಅದೇ ಮೂವತ್ತೊಂದೂವರೆ ಸಾವಿರ.

ಸುಂಕದವನ ಮುಂದೆ ಸುಖದುಃಖ ಹೇಳಬಾರದಂತೆ.
ಇಲ್ಲಿ ಸುಂಕಮ್ಮನೇ ಹೇಳಿಕೊಳ್ಳುವವಳು.
ಟ್ರಸ್ಟಿನ ಕಾರ್ಯದರ್ಶಿ ದೊಡ್ಡನಗೌಡರು ಆಡಿದ್ದೂ
ಬಹುಪಾಲು ನಿಜವೇ:
ಇದು ಬಳ್ಳಾರಿ, ಬೆಂಗಳೂರಲ್ಲ.
ಇನ್ನೂರು ಹಾಸಿಗೆಯಾದರೆ ಮಾತು ಬೇರೆ.
ನಿನ್ನದು ನರ್ಸಿಂಗ್ ಡಿಪ್ಲೊಮಾ,
ಹೈದರಾಬಾದಿನಿಂದ ಬಂದ ಹುಡುಗನದು ಎಂಬಿಎ.
(ಆಟೋಕ್ಲೇವ್ ಯಾವ ಮಹಡಿಯ ಡಾಕ್ಟರು ಎಂದು
ಆ ಹುಡುಗ ನನ್ನನ್ನೇ ಕೇಳಿದ್ದ.)
ಕೊನೆಯದು, ಚಹಾ ಮುಗಿಸುತ್ತ:
‘ನಿಮ್ಮ ಯಜಮಾನ್ರು ತೋರಣಗಲ್ಲಾಗ ಫ್ಯಾಕ್ಟರಿಯೊಳಗ ಅದಾರಲ್ಲಮ್ಮ,
ಮತ್ಯಾಕ?’

ಗಂಡನ ನೈಟ್ ಶಿಫ್ಟು
ನನ್ನ ಸಂಬಳದ ಯಾವ ಕಾಲಮ್ಮಿನಿಂದ ಕಳೆಯುತ್ತದೆಂದು
ಯಾವ ಕೈಪಿಡಿಯಲ್ಲೂ ಓದಿದ ನೆನಪಿಲ್ಲ.

ಹೋದ ವರ್ಷ, ಇದೇ ಕೋಣೆ, ಇದೇ ಕಪ್ಪು ಬಸಿ:
‘ಸರ್ಟಿಫಿಕೇಟ್ ಬರ್ಲಿ, ನಲವತ್ತೈದು ಮಾಡೋಣು.’
ಬಾಯಿಮಾತು.
ಎಲ್ಲರ ಕೈಲೂ ಸಹಿ, ದಿನಾಂಕ, ಗಂಟೆ ಹಾಕಿಸುವ ನಾನೇ
ಬರೆಸಿಕೊಂಡಿರಲಿಲ್ಲ.

ಆ ಸಂಜೆ ಲೋಪವರದಿಯ ಹಾಳೆ ತೆಗೆದೆ.
ಕಂಡದ್ದು: ಒಪ್ಪಿದ ಸಂಬಳ ಜಾರಿಯಾಗಿಲ್ಲ.
ಸಾಕ್ಷ್ಯ: ದರಪಟ್ಟಿ ಹಳೆಯದು, ಹೊಸದು;
ಸಂಬಳಚೀಟಿ ಹಳೆಯದು, ಹೊಸದು, ಎರಡೂ ಒಂದೇ.
ಮೂಲಕಾರಣ
ಎಂಬಲ್ಲಿ ಪೆನ್ನು ನಿಂತಿತು.
‘ಪಾಪ ಒಳ್ಳೆಯಾಕೆ ಅನ್ನಿಸಿಕೊಂಡದ್ದು’ ಎಂದು ಬರೆದು
ಹೊಡೆದುಹಾಕಿದೆ, ನಿಯಮದಂತೆ
ಒಂದೇ ಗೆರೆ, ಪಕ್ಕದಲ್ಲಿ ಸಹಿ,
ಅಡಿಯಲ್ಲಿರುವುದು ಓದಲು ಬರುವ ಹಾಗೆ.
ಹೊಣೆ: ಕಾರ್ಯದರ್ಶಿ. ಗಡುವು: ಮೂವತ್ತು ದಿನ.

ಆವಕದ ಹನುಮೇಶ ಓದಿದ, ನನ್ನ ಮುಖ ನೋಡಿದ,
ಮತ್ತೆ ಓದಿದ.
‘ಅಕ್ಕಾರ, ಇದಕ್ಕೂ ನಂಬರ್ ಹಾಕ್ಲೇನ್ರಿ?’
‘ಹಾಕು.’
ಅರವತ್ತೇಳು.

ಬರುವ ಬೇಸಿಗೆಗೆ ತಪಾಸಕರು ಮತ್ತೆ ಬರುತ್ತಾರೆ,
ಹಳೆಯ ಲೋಪಗಳ ಕಡತವನ್ನೇ ಮೊದಲು ಕೇಳುತ್ತಾರೆ.
ದೊಡ್ಡನಗೌಡರಿಗೂ ಗೊತ್ತು. ಈ ವಾರ
ಎರಡು ಸಲ ನಮಸ್ಕಾರ ಅಂದರು, ಅವರೇ ಮೊದಲು.

ಇವತ್ತು ಬೆಳಿಗ್ಗೆ ಫ್ರಿಜ್ಜು ನಾಲ್ಕು.
ಪಂಪಣ್ಣ ಹೆಬ್ಬೆರಳು ಮರೆತ.
ಅರವತ್ತೇಳರ ಸ್ಥಿತಿ: ತೆರೆದಿದೆ.