ಹನ್ನೆರಡು ಗ್ರಾಂ

ಅರ್ಧ ಗಂಟೆ ಏನೂ ತಿನ್ನಿಸಬೇಡಿ, ನೀರೂ ಬೇಡ,
ಕುಂಚವನ್ನು ಕೆನ್ನೆಯೊಳಗೆ ಇಪ್ಪತ್ತೆಣಿಸುವ ತನಕ ತಿಕ್ಕಿ
ಎಂದಿತ್ತು ಚೀಟಿಯಲ್ಲಿ.
ಹದಿಮೂರಕ್ಕೇ ಗಿಣ್ಣಿ ಕುಂಚ ಕಚ್ಚಿದಳು.
ಮತ್ತೆ ಒಂದರಿಂದ.

ಕೆಳಗೋಟೆಯ ಕೊರಿಯರ್ ಹುಡುಗ ಕೇಳಿದ:
ಒಳಗೇನೈತಣ್ಣ?
ನಾಯಿ ಎಂಜಲು, ಅಂದೆ.
ಲಕೋಟೆಯನ್ನು ಎರಡೇ ಬೆರಳಲ್ಲಿ ಹಿಡಿದು ತೂಗಿದ,
ಹನ್ನೆರಡು ಗ್ರಾಂ.
ಅವ್ವ ಇದ್ದಿದ್ದರೆ ಆ ತಕ್ಕಡಿಯನ್ನೂ ತೊಳೆಸುತ್ತಿದ್ದಳು.

ಹೊಳಲ್ಕೆರೆಯ ಪಾಲಾಕ್ಷಪ್ಪ ಮೇಷ್ಟ್ರು ಫೋನು ಮಾಡಿರದಿದ್ದರೆ
ಇದೊಂದೂ ಇಲ್ಲ.
ಗಿಣ್ಣಿಯ ಮೊದಲ ಸೂಲಿನ ಗಂಡುಮರಿ ಅವರಲ್ಲಿ ಬೆಳೆದಿತ್ತು:
ಹಗಲು ಚೆಂಡು ಹಿಡಿಯುತ್ತಪ್ಪ,
ಕತ್ತಲಾದರೆ ನನ್ನನ್ನೇ ಬೊಗಳುತ್ತೆ.

ಡಾಕ್ಟರ್ ನಸೀಮಾ ಟಾರ್ಚು ಬಿಟ್ಟರು.
ಅದರ ಕಣ್ಣು
ಬೇಕಾದ್ದಕ್ಕಿಂತ ಹೆಚ್ಚು ಹೊಳೆಯಿತು.
ತಂದೆ ಯಾವುದು?
ಗಿಣ್ಣಿಯ ತಾಯಿಗೆ ಒಡಹುಟ್ಟಿದ್ದೇ ಮೇಡಂ,
ಬಣ್ಣ ಕೆಡಬಾರದು ಅಂತ.
ಅವರು ಸುಮ್ಮನೆ ಬರೆದುಕೊಂಡರು.
ನಾನು ನನ್ನ ಚಪ್ಪಲಿ ನೋಡಿಕೊಂಡೆ.
ನನ್ನ ಹೆಂಡತಿ ನನ್ನ ಅಕ್ಕನ ಮಗಳು,
ಮೂರೂವರೆ ಎಕರೆ ಹೊರಗೆ ಹೋಗಬಾರದು ಅಂತ.

ದೊಡ್ಡಮ್ಮ ಬೋರಮ್ಮ
ದೀಪ ಹಚ್ಚುವ ಹೊತ್ತಿಗೆ ಗೋಡೆ ಹಿಡಿಯುತ್ತಿದ್ದಳು.
ನುಗ್ಗೆಸೊಪ್ಪು ತಿನ್ನಿಸಿದರು, ಮೇಕೆಯ ಈಲಿ ಸುಟ್ಟು ಕೊಟ್ಟರು,
ಕೊನೆಗೆ ಯಾರದೋ ದೃಷ್ಟಿ ಅಂದರು.
ದೃಷ್ಟಿ.
ಅವಳೂ ನಕ್ಕಿದ್ದಳು ಆ ಮಾತಿಗೆ.

ಇಪ್ಪತ್ತೆರಡನೇ ದಿನ ಮೊಬೈಲಿಗೆ ಬಂತು ಹಾಳೆ.
ಗಿಣ್ಣಿ ವಾಹಕಿಯಂತೆ.
ಹೊತ್ತವಳು, ಎಂದು ಓದಿಕೊಂಡೆ ನಾನು.
ತಾನು ಕಾಣುತ್ತಾಳೆ, ಕಾಣದಿರುವುದನ್ನು ಹೊರುತ್ತಾಳೆ.
ಎರಡೂ ಕಡೆಯಿಂದ ಬಂದರಷ್ಟೇ ಇರುಳುಗುರುಡು,
ಒಂದೇ ಕಡೆಯದಾದರೆ
ಹೆಸರು ಹೇಳದ ನೆಂಟನ ಹಾಗೆ
ಜಗಲಿಯಲ್ಲಿ ಕೂತೇ ಇರುತ್ತದೆ, ಊಟವನ್ನೂ ಕೇಳದೆ.

ಹಿರಿಯೂರಿನವನ ಮುಂಗಡ ಎರಡು ಸಾವಿರ ವಾಪಸು ಹಾಕಿದೆ.
ಇನ್ನು ಈ ಜೋಡಿ ಕೂಡಿಸಲ್ಲ, ಮರಿ ಇಲ್ಲ, ಅಂದೆ.
ನಾಯಿ ತಾನೆ, ಅದಕ್ಕೂ ಜಾತಕವೇನ್ರೀ, ಅಂದ.

ಪೊಟ್ಟಣದಲ್ಲಿ ಕುಂಚ ಎರಡಿದ್ದವು.
ಉಳಿದದ್ದನ್ನು ಮಗಳು ಹುಡುಕಿ ತಂದು
ಮುಂದಿನ ಹಲ್ಲಿಲ್ಲದ ಬಾಯಿ ತೆರೆದು ನಿಂತಳು:
ನಂಗೂ ತಿಕ್ಕಪ್ಪ.
ಅದು ನಾಯಿಗೆ ಕಣೆ,
ಅಂದು ಕಸಿದು ಅಟ್ಟದ ಮೇಲಿಟ್ಟೆ.

ಸಂಜೆ ತಾರಸಿಗೆ ಅವಳನ್ನು ಎತ್ತಿಕೊಂಡು ಹೋದೆ.
ಜೋಗಿಮಟ್ಟಿಯ ಗಾಳಿಯಂತ್ರಗಳ ನೆತ್ತಿಯಲ್ಲಿ
ಕೆಂಪು ದೀಪ ಹತ್ತುತ್ತಿದ್ದವು, ಆರುತ್ತಿದ್ದವು.
ಎಷ್ಟಿವೆ ಹೇಳು?
ಗಿಣ್ಣಿ ನನ್ನ ಪಾದದ ಮೇಲೆ ಗದ್ದವಿಟ್ಟಿತ್ತು.
ಹನ್ನೊಂದು, ಅಂದಳು.
ಹತ್ತಿ ಆರುವ ದೀಪ, ಯಾರಿಗೂ ಲೆಕ್ಕ ತಪ್ಪುತ್ತದೆ.
ಸರಿಯಾಗಿ ನೋಡವ್ವ, ಅಂದೆ,
ಮತ್ತೆ ಒಂದರಿಂದ.