ತಕ್ಕಡಿಯಲ್ಲಿ ಕಪ್ಪೆ

ಚಿಕ್ಕಮಗಳೂರಿನ ಕಾಲೇಜು, ಪ್ರಾಣಿಶಾಸ್ತ್ರದ ಬೀರು.
ಅದರ ಕೀಲಿ ಇಪ್ಪತ್ತಾರು ವರ್ಷದಿಂದ ನನ್ನ ಉಡಿದಾರದಲ್ಲಿ.
ಕೊಯ್ಯುವ ಪಾಠ ನಿಂತು ಎಷ್ಟೋ ಕಾಲವಾಯಿತು,
ಜಾಡಿಗೆ ಫಾರ್ಮಲಿನ್ ತುಂಬುವ ಕೆಲಸ ನಿಂತಿಲ್ಲ.
ಒಳಗೆ ಕಪ್ಪೆಗಳು ಬೆಳ್ಳಗಾಗಿ, ಕೈ ಎತ್ತಿಕೊಂಡು,
ಹಾಜರಿ ಕೂಗಲಿ ಎಂದು ಕಾದ ಹಾಗೆ.

ಜೂನಿನಲ್ಲಿ ಬಂದಳು ಜೆಸಿಂತಾ ಲೋಬೊ, ಬಾಳೆಹೊನ್ನೂರಿನ ಹುಡುಗಿ.
ಜೊತೆಗೊಂದು ಚಿಮಟ, ಗಾಜಿನ ಗೂಡಿನೊಳಗೊಂದು ತಕ್ಕಡಿ,
ಉಸಿರು ಬಿಟ್ಟರೂ ಅಂಕಿ ಬದಲಾಗುವ ತಕ್ಕಡಿ.
"ಮಿದುಳು ತೂಗಬೇಕು, ಓಂಕಾರಣ್ಣ."
ನಗು ಬಂತು. ಕಪ್ಪೆ ತೂಗಿ ಗೆದ್ದವರುಂಟೇ ತಾಯಿ,
ಒಂದನ್ನಿಟ್ಟರೆ ಇನ್ನೊಂದು ನೆಗೆಯುತ್ತದೆ.
"ಇವು ನೆಗೆಯುವುದಿಲ್ಲವಲ್ಲ" ಎಂದಳು, ಮೆಲ್ಲಗೆ.
ಫ್ಯಾನು ಆರಿಸಿದೆ.

ಎಳ್ಳಿಗಿಂತ ತುಸು ದೊಡ್ಡದು, ಅಷ್ಟೆ.
ಇದಕ್ಕಾಗಿಯೇ ನಮ್ಮ ಹಳೆಯ ಪ್ರೊಫೆಸರು
ಕೈ ಜಾರಿ ಜಾಡಿ ಒಡೆದಾಗಲೆಲ್ಲ ನನ್ನನ್ನು ಕರೆಯುತ್ತಿದ್ದರು:
ಕಪ್ಪೆ ಮಿದುಳಿನವನೇ.

ಮಿದುಳು ಎಂದರೆ ಹಗಲಿರುಳೂ ಉರಿಯುವ ಒಲೆ, ಅಂದಳು ಹುಡುಗಿ.
ಸೌದೆ ಸಿಕ್ಕುವ ಕಡೆ ದೊಡ್ಡ ಒಲೆ ಹೂಡಬಹುದು.
ಕಳಸದ ಮರಗಪ್ಪೆಗೆ ಕೊಂಬೆಯ ಲೆಕ್ಕ ಬೇಕು, ಎಲೆಯ ಲೆಕ್ಕ,
ಹಸಿರು ಹಾವಿನ ಲೆಕ್ಕ; ಹುಳುವಿಗೆ ಬರವಿಲ್ಲ.
ಕಡೂರಿನದಕ್ಕೆ ವರ್ಷದ ಮುಕ್ಕಾಲು ನೆಲದಡಿಯ ನಿದ್ದೆ;
ಉಪವಾಸದ ಮನೆಯಲ್ಲಿ ಒಲೆ ಎಷ್ಟು ದೊಡ್ಡದಿರಬೇಕು?
"ಇರಬಹುದು ಅಂತ. ಅದನ್ನೇ ನೋಡಬೇಕಿರುವುದು."

ನಾನು ಯಗಟಿಯ ಕಡೆಯವನು.
ಹನ್ನೊಂದರ ವಯಸ್ಸಲ್ಲಿ ಅಪ್ಪನ ಜೊತೆ ಕಂಬದ ಗುಳಿ ತೋಡುವಾಗ
ಗುದ್ದಲಿ ಎತ್ತಿದ ಒಂದು ಹೆಂಟೆ
ಕಣ್ಣು ಬಿಟ್ಟಿತು.
ಬಿಟ್ಟು, ನಮ್ಮನ್ನು ನೋಡಿ, ಮತ್ತೆ ಮುಚ್ಚಿಕೊಂಡಿತು,
ಮಳೆ ನಾವಲ್ಲ ಎಂದು ತಿಳಿದು.
ಅಷ್ಟು ತಿಳಿಯಲು ಎಷ್ಟು ಮಿದುಳು ಬೇಕೋ,
ಅಷ್ಟು ಅದರಲ್ಲಿತ್ತು.
ಇದನ್ನು ಅವಳಿಗೆ ಹೇಳಲಿಲ್ಲ. ತಕ್ಕಡಿಗೆ ಬೇಕಾದ ಮಾತಲ್ಲ.

ಮೂರನೆಯ ದಿನ ಉದ್ದದ ಜಾಡಿ ತೆಗೆದಳು.
ತೋಟದವರು ಹಾವೆಂದು ಹೊಡೆದು ತಂದದ್ದು, ಕಾಲಿಲ್ಲ,
ಕಣ್ಣಿನ ಮೇಲೆ ಚರ್ಮದ ಪರದೆ. ಇದೂ ಕಪ್ಪೆಯ ಬಳಗವೇ.
ನೋಟದ ಪಾಲು ಬತ್ತಿದೆ, ವಾಸನೆಯ ಪಾಲು ಉಬ್ಬಿದೆ:
ಕಾಫಿ ಗಿಡದ ಬುಡದ ಕತ್ತಲು
ತನಗೆ ಬೇಕಾದಂತೆ ಹಿಸುಕಿಟ್ಟ ಹಿಟ್ಟು.
"ತೂಕವೊಂದೇ ಅಲ್ಲ ಅಣ್ಣ, ಯಾವ ಮೂಲೆಗೆ ಎಷ್ಟು ಅನ್ನುವುದೂ ಇದೆ."

ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹೇಳಿಬಿಟ್ಟೆ. ಸೂರು ಸೋರಿದ ವರ್ಷ
ಚೀಟಿಗಳೆಲ್ಲ ಬಿಚ್ಚಿ ನೀರಿನಲ್ಲಿ ತೇಲಿದ್ದವು ತಾಯಿ.
ಇನ್‌ಸ್ಪೆಕ್ಷನ್‌ಗೆ ಎರಡೇ ದಿನ. ನಾನೇ ಬರೆದು ಅಂಟಿಸಿದೆ.
ಹಿಮ್ಮಡಿಯಲ್ಲಿ ಪುಟ್ಟ ಗುದ್ದಲಿ ಇದ್ದದ್ದಕ್ಕೆ ಕಡೂರು,
ಬೆರಳ ತುದಿಯಲ್ಲಿ ಬಿಲ್ಲೆ ಇದ್ದದ್ದಕ್ಕೆ ಕಳಸ,
ಏನೂ ಇಲ್ಲದ್ದಕ್ಕೆ
ಬಾಯಿಗೆ ಬಂದ ಊರು.

ಬಹಳ ಹೊತ್ತು ನೋಡಿದಳು, ನನ್ನನ್ನಲ್ಲ, ಪುಸ್ತಕವನ್ನು.
ಸ್ಕೇಲು ಇಟ್ಟು ನಲವತ್ತೊಂದು ಸಾಲು ಹೊಡೆದಳು.
ಕಿಟಕಿಯಾಚೆ ಮುಳ್ಳಯ್ಯನಗಿರಿಗೆ ಮೋಡ ಕವಿದು
ಬೆಟ್ಟವೇ ಇರಲಿಲ್ಲ.
"ಮೈ ನೋಡಿ ಊರು ಹೇಳಿದ್ದೀರಿ," ಎಂದಳು ಕೊನೆಗೆ,
"ನಾನು ಊರು ನೋಡಿ ಮೈ ಹೇಳಬೇಕು. ಒಂದೇ ಸುತ್ತು ಆಗುತ್ತದೆ,
ಕಪ್ಪೆ ಬಾವಿ ಸುತ್ತಿದ ಹಾಗೆ."
ಬೈಗುಳವೋ ಅಲ್ಲವೋ ತಿಳಿಯಲಿಲ್ಲ.

ಈಗ ಖಾಲಿ ತಕ್ಕಡಿ ಮಿಣುಕುತ್ತಿದೆ,
ಸೊನ್ನೆಗೆ ಬಂದಂತೆ ಬಂದು, ಬಾರದೆ.
ಮುಂದಿನ ಜಾಡಿ ಎತ್ತಿ ಕೇಳುತ್ತಾಳೆ: "ಇದು ಎಲ್ಲಿಯದು?"
ಪೆನ್ಸಿಲು ಚೂಪು ಮಾಡಿ, ಹೊಸ ಚೀಟಿಯ ಮೇಲೆ
ಗುಂಡು ಅಕ್ಷರದಲ್ಲಿ ಬರೆಯುತ್ತೇನೆ:
ಗೊತ್ತಿಲ್ಲ.