ಮಾದರಿ ೪೧೭

ತಾಕಾಮಾತ್ಸುವಿನ ಕಾರ್ಖಾನೆಯಲ್ಲಿ
ರುಚಿ ನೋಡುವ ಕೋಣೆಗೆ ಕೆಂಪು ದೀಪ.
ಬಣ್ಣ ನಾಲಿಗೆಗೆ ಸುಳ್ಳು ಹೇಳಬಾರದಂತೆ.

ಮಿತ್ಸುಯೆ ಅಜ್ಜಿಯ ಮುಂದೆ ಎರಡು ಬಟ್ಟಲು,
ಬಾಯಿ ಮುಕ್ಕಳಿಸಲು ನೀರು, ಮೊಂಡು ಪೆನ್ಸಿಲು.

೮೬೨: ಇದು ಕಬ್ಬು. ಕೇಳಬೇಕೆ?
ನಲವತ್ತು ಚಳಿಗಾಲ ಗಂಡನ ಎದುರು ನಿಂತು
ಹಲಗೆಯ ಮೇಲೆ ನೀರು ಚಿಮುಕಿಸಿ, ನಾದಿ, ಹಿಂಡಿ,
ಮತ್ತೆ ನಾದಿ,
ಕಂದು ಮುದ್ದೆಯನ್ನು ಬಿಳಿ ಹುಡಿ ಮಾಡಿದ ಕೈ.
ಆ ಹುಡಿಯೇ ಅವನ ಕಾಲ್ಬೆರಳು ತಿಂದಿತು,
ಒಂದೊಂದಾಗಿ. ಆಮೇಲೆ ಕಣ್ಣು.

೪೧೭.
ಸಿಹಿಯೇನೋ ಹೌದು. ಬಂತು,
ಹೊಸಿಲಲ್ಲೇ ನಿಂತು ಕುಶಲ ಕೇಳಿತು,
ಕೂರಲಿಲ್ಲ, ಉಣ್ಣಲಿಲ್ಲ,
ಚಪ್ಪಲಿ ಮೆಟ್ಟಿ ಹೊರಟೇಹೋಯಿತು.

"ಅಪರೂಪದ ಸಕ್ಕರೆ," ಅಂದ ಬಿಳಿ ಕೋಟಿನ ಹುಡುಗ ಕುರೋಕಾವಾ.
"ಅಂಜೂರದಲ್ಲಿ, ಒಣದ್ರಾಕ್ಷಿಯಲ್ಲಿ ಚಿಟಿಕೆಯಷ್ಟೂ ಇಲ್ಲ.
ಹಣ್ಣಿನ ಸಕ್ಕರೆಯ ಒಂದು ತೋಳನ್ನು
ಈ ಕಡೆಯಿಂದ ಆ ಕಡೆಗೆ ತಿರುಗಿಸುತ್ತೇವೆ, ಅಷ್ಟೆ.
ಮೈಗೆ ಗುರುತು ಸಿಗುವುದಿಲ್ಲ, ಸಾಗಹಾಕುತ್ತದೆ.
ಕೇಕಿಗೆ ಹಾಕಿದರೆ ಮಾತ್ರ
ಬೇಗ ಕೆಂಪಾಗುತ್ತದೆ, ಉರಿ ಸಣ್ಣಗಿರಬೇಕು."

ಅಜ್ಜಿ ಅಂಕ ಕೊಟ್ಟಳು: ಒಂಬತ್ತಕ್ಕೆ ಆರು.
ಷರಾ ಎಂಬಲ್ಲಿ ಬರೆದಳು:
ಇಪ್ಪತ್ತು ವರ್ಷ ತಡ.
ಅದನ್ನು ಯಾವ ಕಾಲಮ್ಮಿಗೆ ಸೇರಿಸಬೇಕೋ
ಹುಡುಗನಿಗೆ ತಿಳಿಯಲಿಲ್ಲ.

ಹೊರಡುವಾಗ ಒಂದು ಪೊಟ್ಟಣ ಕೊಟ್ಟರು.
ಅದು ಅವಳ ಕಾಫಿಗಾಯಿತು.
ಗೂಡಿನಲ್ಲಿ ಅವನ ಪಟದ ಮುಂದೆ
ಇವತ್ತೂ ಕಬ್ಬಿನದೇ ಹುಡಿ,
ಎಂದಿಗಿಂತ ಎರಡು ಚಿಟಿಕೆ ಹೆಚ್ಚು.
ಅವನಿಗಿನ್ನು ಯಾವ ಪಥ್ಯ?